ಬೂದಿಯ ಕೊರಳಪಟ್ಟಿ

ಹೊಳೆಯ ಈಚೆ ದಡದಲ್ಲಿ ಹೊಂಬಾಳಯ್ಯನವರ ಆಶ್ರಮ. ಅಲ್ಲಿ ಜಪ ಎಷ್ಟು ಮುಖ್ಯವೋ ಹಗ್ಗದ ಕೆಲಸವೂ ಅಷ್ಟೇ ಮುಖ್ಯ. ಕತ್ತಾಳೆಯನ್ನು ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಶಿಷ್ಯರೆಲ್ಲ ಹಗ್ಗ ಹೊಸೆಯುತ್ತಿದ್ದರು. ಆ ಸೀಮೆಯ ಹರಿಗೋಲುಗಳನ್ನೆಲ್ಲ ಕಟ್ಟುತ್ತಿದ್ದದ್ದು ಆ ಹಗ್ಗದಲ್ಲೇ. ಬೇರೆ ಹಗ್ಗದಲ್ಲಿ ಕಟ್ಟಿದರೆ ಅಂಬಿಗರಿಗೆ ನಿದ್ದೆ ಬರುತ್ತಿರಲಿಲ್ಲ.

ಹೊಸ ಹಗ್ಗವನ್ನು ಗುರುಗಳೇ ಪರೀಕ್ಷಿಸಬೇಕು. ಒಂದು ತುದಿಯನ್ನು ಅಂಗಳದ ಹುಣಸೆಕೊಂಬೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು, ಕಾಲೆತ್ತಿ ಜೋತುಬೀಳುವುದು ಅವರ ಕ್ರಮ. ಹೊಂಬಾಳಯ್ಯನವರದು ಸಣ್ಣ ಮೈಯೇನಲ್ಲ. ಅವರ ಭಾರಕ್ಕೆ ಹಗ್ಗ ತಡೆದರೆ ಅದರ ತುದಿಗೆ ಕೆಂಪು ಎಳೆ ಸುತ್ತುತ್ತಿದ್ದರು. ಕಿತ್ತುಹೋದರೆ ಮಾತಿಲ್ಲ ಕತೆಯಿಲ್ಲ. ಗುರುಗಳು ನೆಲದಿಂದೆದ್ದು ಧೂಳು ಕೊಡವಿಕೊಳ್ಳುವುದು, ಹೊಸೆದವನು ಎಲ್ಲರೆದುರು ತನ್ನ ಹಗ್ಗವನ್ನು ತಾನೇ ಒಯ್ದು ಒಲೆಗೆ ಹಾಕುವುದು.

ಹಿರಿಯ ಶಿಷ್ಯ ಚನ್ನಂಜ ಹಗ್ಗ ಹಿಡಿದು ಆ ಒಲೆಯ ಕಡೆ ಒಮ್ಮೆಯೂ ಹೋದವನಲ್ಲ.

ಅದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಸಂತೆಗೆ ಹೋದರೆ ಅಂಬಿಗರು ಎದ್ದು ಜಾಗ ಬಿಡುತ್ತಿದ್ದರು, ಅವನು ಬೇಡ ಬೇಡ ಅನ್ನುತ್ತಲೇ ಕೂತುಬಿಡುತ್ತಿದ್ದ. ಹೆಮ್ಮೆ ಇತ್ತು. ಸುಮ್ಮನೆ ಬಂದ ಹೆಮ್ಮೆಯಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗಿ ಬಂದದ್ದು.

ಇನ್ನೊಂದು ಹೆಮ್ಮೆ ಅವನ ಕೊರಳಲ್ಲಿತ್ತು. ಗುರುಗಳು ಪೂಜೆಯ ದೀಪದ ಮುಂದೆ ಕೂತು ಬತ್ತಿಯ ಹತ್ತಿಯಿಂದ ತಾವೇ ಹೊಸೆದ ಬಿಳಿಯ ದಾರ. ಪ್ರತಿ ಶಿವರಾತ್ರಿಗೆ ಹಳೆಯದನ್ನು ತೆಗೆದು ಹೊಸದನ್ನು ಕೈಯಾರೆ ಕಟ್ಟುತ್ತಿದ್ದರು. ಅದನ್ನು ನೋಡಿದವರೆಲ್ಲ ಇವನು ಹೊಂಬಾಳಯ್ಯನವರ ಶಿಷ್ಯ ಎಂದು ಕೈಮುಗಿಯುತ್ತಿದ್ದರು.

ಆಶ್ರಮದಲ್ಲಿ ಒಂದು ಬೆಕ್ಕೂ ಇತ್ತು, ಒಂದು ಮೊಲವೂ ಇತ್ತು. ಮೊಲ ಬಿಳಿಯದು, ಯಾರೋ ಬಿಟ್ಟುಹೋದದ್ದು, ಜಗಲಿಯ ಬಿದಿರುಗೂಡಿನಲ್ಲಿ ಸೊಪ್ಪು ತಿಂದುಕೊಂಡು ಇರುತ್ತಿತ್ತು. ಬೆಕ್ಕು ಬೂದುಬಣ್ಣದ್ದು. ಕಣ್ಣು ಬಿಡುವ ಮೊದಲೇ ತಾಯಿ ಕಳೆದುಕೊಂಡಿತ್ತು. ಚನ್ನಂಜ ಬಟ್ಟೆಯ ತುದಿಯನ್ನು ಹಾಲಲ್ಲಿ ಅದ್ದಿ ಚೀಪಿಸಿ ಅದನ್ನು ಉಳಿಸಿದ್ದ. ಒಲೆಯ ಬೂದಿಯಲ್ಲೇ ಬೆಚ್ಚಗೆ ಮಲಗುತ್ತಿದ್ದುದರಿಂದ ಅದರ ಹೆಸರೂ ಬೂದಿ ಎಂದಾಯಿತು. ಅದರ ಮೇಲೆ ಅವನಿಗೆ ಜೀವ. ಗುರುಗಳ ಪಾದ ಬಿಟ್ಟರೆ ಅವನು ಬಗ್ಗುತ್ತಿದ್ದದ್ದು ಆ ಬೆಕ್ಕಿಗೊಂದೇ.

ಒಂದು ಬೆಳಗ್ಗೆ ದೊಡ್ಡತಾಯಿ ಆಶ್ರಮಕ್ಕೆ ಬಂದಳು. ಹೊಳೆದಂಡೆಯಲ್ಲಿ ಬಿದಿರಿನ ಗಳು ನೆಟ್ಟು ಮೀನು ಒಣಗಿಸುವ ಹೆಂಗಸು. ಬೀದಿಬೆಕ್ಕುಗಳ ಕಾಟ ತಡೆಯಲಾರದೆ ಬೆಸ್ತರ ಕೇರಿಯವರು ಒಂದು ತೀರ್ಮಾನ ಮಾಡಿದ್ದರು. ಅಮಾವಾಸ್ಯೆ ಕಳೆದ ಮೇಲೆ ದಿಕ್ಕಿಲ್ಲದ ಬೆಕ್ಕುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ, ಹೊಳೆ ದಾಟಿಸಿ, ಆಚೆಯ ಕಾಡಿಗೆ ಬಿಡುವುದು. ಆ ಕಾಡಿನಲ್ಲಿ ಚಿರತೆ ಇತ್ತು, ಹಾಗಾಗಿ ಬಿಡುವುದು ಎಂದರೆ ಏನೆಂದು ಎಲ್ಲರಿಗೂ ತಿಳಿದಿತ್ತು.

"ನಿಮ್ ಬೆಕ್ಕು ಅಂತ ಗೊತ್ತಾಗೋ ಅಂಗೆ ಅದರ ಕತ್ತಿಗೆ ಏನಾದ್ರೂ ಕಟ್ಟಿ ಬುದ್ದಿ," ಅಂದಳು ದೊಡ್ಡತಾಯಿ. "ನಮ್ ಹುಡುಗ್ರು ಮೊಖ ನೋಡ್ಕಂಡು ಹಿಡಿಯಾಕಿಲ್ಲ."

ಅವಳು ಹೋದ ಮೇಲೆ ಶಿಷ್ಯರಲ್ಲಿ ಚರ್ಚೆ ಎದ್ದಿತು. ಬೆಕ್ಕು ತನ್ನಿಷ್ಟಕ್ಕೆ ತಿರುಗುವ ಪ್ರಾಣಿ, ಅದರ ಕೊರಳಿಗೆ ಪಟ್ಟಿ ಕಟ್ಟುವುದು ಪಾಪ ಎಂದರು ಕೆಲವರು. ಚನ್ನಂಜ ಅದನ್ನು ಒಪ್ಪಲಿಲ್ಲ, ಗುರುಗಳ ಮುಂದೆ ಹೋಗಿ ನಿಂತ.

"ನನ್ನ ಕೊರಳಲ್ಲೂ ನಿಮ್ಮ ದಾರ ಇದೆ ಬುದ್ದಿ. ಅದರಿಂದ ನನಗೆ ಮರ್ಯಾದೆ ಹೆಚ್ಚಿತೇ ಹೊರತು ಏನೂ ಕಮ್ಮಿ ಆಗಲಿಲ್ಲ. ಬೂದಿಗೂ ಒಂದು ಕಟ್ತೀನಿ."

"ಕಟ್ಟು," ಅಂದರು ಗುರುಗಳು.

ಚನ್ನಂಜ ಕೂತ. ಪುಂಡಿಯ ನಾರಿನಲ್ಲಿ ನಯವಾದ ಎಳೆಗಳನ್ನೇ ಆರಿಸಿದ. ಮುತ್ತುಗದ ಹೂವಿನಲ್ಲಿ ಬಣ್ಣ ಕಟ್ಟಿದ. ಮೂರು ಎಳೆ ಸೇರಿಸಿ ಬೆರಳಗಲದ ಪಟ್ಟಿ ಹೆಣೆದ. ಉಸಿರು ಕಟ್ಟಬಾರದೆಂದು ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟ. ಕೊನೆಗೆ ಹರಿಗೋಲಿಗೆ ಹಾಕುವ ಗಂಟನ್ನೇ ಹಾಕಿದ. ಅದು ಎಳೆದಷ್ಟೂ ಬಿಗಿಯುವ ಗಂಟು, ಆ ದಂಡೆಯಲ್ಲಿ ಅವನಷ್ಟು ಚೆನ್ನಾಗಿ ಅದನ್ನು ಹಾಕುವವರು ಇರಲಿಲ್ಲ.

ಬೂದಿ ಪಟ್ಟಿ ಹಾಕಿಕೊಂಡು ಅಂಗಳದಲ್ಲಿ ಓಡಾಡಿದಾಗ ಶಿಷ್ಯರೆಲ್ಲ ಕೆಲಸ ಬಿಟ್ಟು ನೋಡಿದರು. ಚನ್ನಂಜನ ಎದೆ ಉಬ್ಬಿತು. ಅದೇ ಹುರುಪಿನಲ್ಲಿ ಇನ್ನೊಂದು ಹೆಣೆದು ಮೊಲಕ್ಕೂ ಹಾಕಿದ.

ಗುರುಗಳು ಸ್ನಾನಕ್ಕೆ ಹೊರಟವರು ಗೂಡಿನ ಮುಂದೆ ನಿಂತರು.

"ಈ ಮೊಲ ಎಲ್ಲೆಲ್ಲಿ ಓಡಾಡುತ್ತೆ ಚನ್ನಂಜ?"

"ಎಲ್ಲಿಗೂ ಹೋಗಲ್ಲ ಬುದ್ದಿ. ಗೂಡಲ್ಲೇ ಇರುತ್ತೆ."

"ಮತ್ತೆ ಇದು ಯಾರಿಗೆ?"

ಚನ್ನಂಜ ಮೊಲದ ಪಟ್ಟಿಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವನ ಕಿವಿ ಕೆಂಪಾಗಿದ್ದು ಮೊಲಕ್ಕೆ ಮಾತ್ರ ಗೊತ್ತಾಯಿತು ಅಂದುಕೊಂಡ, ಆದರೆ ಗುರುಗಳೂ ನೋಡಿದ್ದರು.

"ಬೂದಿಯದನ್ನ ಎಳೆದು ನೋಡಿದೆಯಾ?"

"ನಾನೇ ಅದಕ್ಕೆ ಜೋತುಬಿದ್ದೆ ಬುದ್ದಿ. ಒಂದೆಳೆ ಜಗ್ಗಲಿಲ್ಲ."

"ಬೂದಿ ಎಳೆದು ನೋಡಿತಾ?"

ಚನ್ನಂಜ ನಕ್ಕುಬಿಟ್ಟ. ನಾನು ಜೋತುಬಿದ್ದರೇ ಕಿತ್ತುಹೋಗದ್ದನ್ನು ಆ ಅಂಗೈಯಗಲದ ಬೆಕ್ಕು ಏನು ಕಿತ್ತೀತು ಎಂದ. ಗುರುಗಳು ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದರು.

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಚನ್ನಂಜ ನೆನೆದ ನಾರಿನ ಹೊರೆ ಹೊತ್ತು ಹೊಳೆದಂಡೆಯಲ್ಲಿ ಬರುತ್ತಿದ್ದ. ದೊಡ್ಡತಾಯಿಯ ಮೀನಿನ ಗಳುಗಳ ಹತ್ತಿರ ಏನೋ ಬಡಿದಾಡುವ ಸದ್ದು ಕೇಳಿಸಿತು. ನೋಡಿದರೆ ಬೂದಿ.

ಮೀನಿಗೆ ಹಾರಿದ ಕಳ್ಳಬೆಕ್ಕು ಇಳಿಯುವಾಗ ಬಿದಿರಿನ ಗೂಟಕ್ಕೆ ಸಿಕ್ಕಿಕೊಂಡಿತ್ತು. ಚನ್ನಂಜ ಕರುಣೆಯಿಂದ ಬಿಟ್ಟ ಆ ಎರಡು ಬೆರಳಿನ ಸಂದಿನಲ್ಲೇ ಗೂಟ ತೂರಿತ್ತು. ಹಿಂಗಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾಲಿಗೆ ಹೊರಬಂದಿತ್ತು.

ಅವನು ಹೊರೆ ಎಸೆದು ಓಡಿದ. ಗೂಟದಿಂದ ಬಿಡಿಸಲು ನೋಡಿದರೆ ಬೆಕ್ಕು ಹೆದರಿ ಒದ್ದಾಡಿ ಇನ್ನಷ್ಟು ಬಿಗಿದುಕೊಂಡಿತು. ಗಂಟಿಗೆ ಕೈ ಹಾಕಿದ. ಅವನದೇ ಗಂಟು ಅವನಿಗೆ ಜಗ್ಗಲಿಲ್ಲ. ಉಗುರು ಕಿತ್ತು ರಕ್ತ ಬಂತು, ಗಂಟು ಬಿಚ್ಚಲಿಲ್ಲ. ಇಷ್ಟು ವರ್ಷ ಊರೆಲ್ಲ ಹೊಗಳಿದ ಗಂಟನ್ನು ಅವನು ಬಾಯಿಗೆ ಬಂದಂತೆ ಬೈದ.

ದೊಡ್ಡತಾಯಿ ಮೀನು ಸೀಳುವ ಕತ್ತಿ ಹಿಡಿದು ಓಡಿಬಂದಳು. ಬೆಕ್ಕಿನ ಕೆಳಗೆ ಬಿದ್ದಿದ್ದದ್ದು ತನ್ನದೇ ಮೀನು ಎಂದು ಅವಳು ನೋಡಿರಲೇಬೇಕು. ಆದರೂ ಪಟ್ಟಿಯ ಕೆಳಗೆ ಬೆರಳಿಟ್ಟು, ಬೆಕ್ಕಿಗೆ ತಾಗದ ಹಾಗೆ ಕುಯ್ದಳು.

ಬೂದಿ ನೆಲಕ್ಕೆ ಬಿತ್ತು. ಕೆಮ್ಮಿತು. ಎದ್ದು, ಚನ್ನಂಜನನ್ನು ಒಮ್ಮೆ ನೋಡಿ, ಅವನ ಕೈಗೆ ಸಿಗದೆ ಬೇಲಿ ನುಸುಳಿ ಹೋಯಿತು. ಆ ನೋಟ ಅವನಿಗೆ ಉಗುರಿನ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಕುಯ್ದ ಪಟ್ಟಿಯನ್ನು ತಂದು ಅವನು ಗುರುಗಳ ಮುಂದೆ ಇಟ್ಟ. ಇನ್ನು ಮೇಲೆ ಬೂದಿಗೆ ಪಟ್ಟಿ ಕಟ್ಟುವುದಿಲ್ಲ ಎಂದ. ಗುರುಗಳು ಹೂಂ ಎಂದರು. ಅಮಾವಾಸ್ಯೆ ಹತ್ತಿರ ಬಂತು, ಕಟ್ಟದಿದ್ದರೆ ಚೀಲಕ್ಕೆ ಹಾಕುತ್ತಾರೆ ಎಂದ. ಅದಕ್ಕೂ ಹೂಂ ಎಂದರು.

"ಕಟ್ಟಿದರೆ ನನ್ನ ಹಗ್ಗ ಕೊಲ್ಲುತ್ತೆ, ಕಟ್ಟದಿದ್ದರೆ ಊರು ಕೊಲ್ಲುತ್ತೆ. ನಾನೇನು ಮಾಡಲಿ ಬುದ್ದಿ?"

"ಕಿತ್ತುಹೋಗೋ ಹಗ್ಗ ಹೊಸಿ."

ಚನ್ನಂಜ ತಲೆ ಎತ್ತಿದ. ದುಃಖದ ನಡುವೆಯೂ ಅವನಿಗೆ ಸಿಟ್ಟು ಬಂತು.

"ಕಿತ್ತುಹೋಗೋ ಹಗ್ಗ ಯಾರು ಬೇಕಾದರೂ ಹೊಸೀತಾರೆ ಬುದ್ದಿ. ನಿನ್ನೆ ಮೊನ್ನೆ ಬಂದವರು ದಿನಾ ಅದನ್ನೇ ಹೊಸೆದು ಒಲೆಗೆ ಹಾಕ್ತಿದ್ದಾರೆ."

"ಹಾಗಿದ್ದರೆ ನಿನಗೆ ಸುಲಭ," ಎಂದು ಗುರುಗಳು ಕಣ್ಣುಮುಚ್ಚಿ ಜಪಕ್ಕೆ ಕೂತರು.

ಸುಲಭವಾಗಲಿಲ್ಲ. ಅವನು ಎಳೆ ತೆಳ್ಳಗೆ ಮಾಡಿ ಹೊಸೆದ. ಬೂದಿ ಹಿಂಗಾಲಲ್ಲಿ ಒಮ್ಮೆ ಕೆರೆದುಕೊಂಡಿತು, ಪಟ್ಟಿ ಉದುರಿತು. ಸ್ವಲ್ಪ ದಪ್ಪ ಮಾಡಿದ. ಕಲ್ಲು ಕಟ್ಟಿ ನೇತುಹಾಕಿದರೂ ಕಿತ್ತುಹೋಗಲಿಲ್ಲ. ಬೇಡವೆಂದರೂ ಅವನ ಬೆರಳುಗಳು ಹುರಿ ಬಿಗಿದುಬಿಡುತ್ತಿದ್ದವು. ಗಟ್ಟಿ ಮಾಡುವುದಷ್ಟೇ ಅವುಗಳಿಗೆ ಗೊತ್ತು. ಎಲ್ಲಿ ಬಿಡಬೇಕು ಎನ್ನುವುದನ್ನು ಅವು ಕಲಿತೇ ಇರಲಿಲ್ಲ.

ಕಿರಿಯ ಶಿಷ್ಯರು ದೂರದಿಂದ ನೋಡಿ ಮುಸಿಮುಸಿ ನಗುತ್ತಿದ್ದರು. ಚನ್ನಂಜಣ್ಣನ ಹಗ್ಗ ಕಿತ್ತುಹೋಗಲಿಲ್ಲವಂತೆ, ಅದಕ್ಕೇ ಅಳುತ್ತಿದ್ದಾನಂತೆ ಎಂದು ಆಡಿಕೊಂಡರು.

ಕೊನೆಗೆ ಅವನು ಹಗ್ಗವನ್ನು ಬಿಟ್ಟು ಬೆಕ್ಕನ್ನು ನೋಡತೊಡಗಿದ. ಹಾಲಿಟ್ಟು, ಕಾದು, ಬೂದಿಯನ್ನು ಮತ್ತೆ ಹತ್ತಿರ ಬರಿಸಿಕೊಂಡ. ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಮರಳಿನ ಗಂಟು ಹಿಡಿದ. ಎರಡು ಕೈಗೂ ಒಂದೇ ಭಾರ ಅನ್ನಿಸುವವರೆಗೆ ಮರಳು ಹಾಕಿದ, ತೆಗೆದ. ಬೂದಿ ಕೆರೆದುಕೊಳ್ಳುವಾಗ ಎಷ್ಟು ಜಗ್ಗುತ್ತದೆ ಎಂದು ಪಟ್ಟಿಯ ಕೆಳಗೆ ಬೆರಳಿಟ್ಟು ತಿಳಿದುಕೊಂಡ. ಹುಟ್ಟಿದಾಗಿನಿಂದ ಸಾಕಿದ ಬೆಕ್ಕು. ಅದರ ಭಾರ ಎಷ್ಟೆಂದು ಅವನಿಗೆ ತಿಳಿದದ್ದು ಅಂದೇ.

ಆಮೇಲೆ ಪಟ್ಟಿಯನ್ನು ಮೊದಲಿನಂತೆಯೇ ಗಟ್ಟಿಯಾಗಿ, ಮುತ್ತುಗದ ಬಣ್ಣದಲ್ಲಿ ಹೆಣೆದ. ಆದರೆ ಎರಡು ತುದಿ ಸೇರುವ ಕಡೆ ಹರಿಗೋಲಿನ ಗಂಟು ಹಾಕಲಿಲ್ಲ. ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಲ್ಲಿ ಒಂದು ಎಳೆ ಹೊಸೆದು, ಅದರಿಂದ ತುದಿಗಳನ್ನು ಕೂಡಿಸಿದ. ಬೂದಿ ಕೆರೆದುಕೊಂಡರೆ ಆ ಎಳೆ ತಡೆಯುತ್ತಿತ್ತು. ಮರಳಿನ ಗಂಟು ತೂಗುಹಾಕಿದರೆ ಪಟ್ಟನೆ ಕಿತ್ತುಹೋಗುತ್ತಿತ್ತು. ಹೊಸೆದ, ತೂಗುಹಾಕಿದ, ಕಿತ್ತುಹೋಯಿತು. ಮತ್ತೆ ಹೊಸೆದ, ಮತ್ತೆ ಕಿತ್ತುಹೋಯಿತು. ಒಂದೇ ಭಾರಕ್ಕೆ, ಪ್ರತಿ ಸಲವೂ.

ಅಮಾವಾಸ್ಯೆಯ ಬೆಳಗ್ಗೆ ಅದನ್ನು ಗುರುಗಳ ಕೈಗಿಟ್ಟ. ಶಿಷ್ಯರೆಲ್ಲ ಹುಣಸೆಮರದ ಸುತ್ತ ಸೇರಿದರು. ಗುರುಗಳು ಜೋತುಬಿದ್ದರೆ ಆ ದಾರ ಕಿತ್ತುಹೋಗುವುದು ಖಂಡಿತ, ಚನ್ನಂಜ ಒಲೆಯ ಕಡೆ ನಡೆಯುವುದನ್ನು ನೋಡಬೇಕೆಂಬ ಆಸೆ ಎಲ್ಲರಿಗೂ ಇತ್ತು.

ಗುರುಗಳು ಮರದ ಕಡೆ ತಿರುಗಲೂ ಇಲ್ಲ.

"ಇದನ್ನ ಪರೀಕ್ಷೆ ಮಾಡಬೇಕಾದ್ದು ನಾನಲ್ಲ," ಎಂದು ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು.

ಚನ್ನಂಜ ಅದನ್ನು ಬೂದಿಗೆ ಕಟ್ಟಿದ. ಗುರುಗಳ ಕೈಗೆ ಹೋಗಿಯೂ ಕೆಂಪು ಎಳೆ ಸುತ್ತಿಸಿಕೊಳ್ಳದೆ ಬಂದ ಅವನ ಮೊದಲ ಹಗ್ಗ ಅದು.

ಅಮಾವಾಸ್ಯೆ ಕಳೆಯಿತು. ಬೆಸ್ತರ ಹುಡುಗರು ಬೆಕ್ಕುಗಳನ್ನು ಹಿಡಿದು ಹೊಳೆ ದಾಟಿಸಿದರು. ಬೂದಿಯೂ ಅವರ ಕೈಗೆ ಸಿಕ್ಕಿತ್ತಂತೆ. ಚೀಲಕ್ಕೆ ಹಾಕುವ ಹೊತ್ತಿಗೆ ಮುತ್ತುಗದ ಬಣ್ಣ ಕಂಡು, ಅಯ್ಯನವರ ಬೆಕ್ಕು ಎಂದು ಕೆಳಗೆ ಬಿಟ್ಟರಂತೆ. ಚನ್ನಂಜ ಅಂದು ಎರಡು ಹೊತ್ತಿನ ಅನ್ನ ಒಂದೇ ಸಲಕ್ಕೆ ಉಂಡ. ಆದರೂ ಬೂದಿ ಹೊರಗೆ ಹೋದಾಗಲೆಲ್ಲ ಅವನ ಜೀವ ಬೇಲಿಯ ಹತ್ತಿರವೇ ಇರುತ್ತಿತ್ತು. ಕಿತ್ತುಹೋಗಬೇಕಾದ ದಿನ ಕಿತ್ತುಹೋಗುತ್ತದೋ ಇಲ್ಲವೋ, ಯಾರು ಬಲ್ಲರು?

ಮಳೆಗಾಲ ಇನ್ನೇನು ಬರಬೇಕು ಎನ್ನುವಾಗ ಒಂದು ದಿನ ಬೂದಿ ಬರಿಕೊರಳಲ್ಲಿ ಬಂದು ಒಲೆಯ ಪಕ್ಕ ಮಲಗಿತು. ಅದರ ಹಿಂದೆಯೇ ದೊಡ್ಡತಾಯಿ ಬಂದಳು.

"ಇದು ಅದೇ ಗೂಟದಾಗೆ ನೇತಾಡ್ತಿತ್ತು ಕಣಪ್ಪ," ಎಂದು ಪಟ್ಟಿಯನ್ನು ಚನ್ನಂಜನ ಕೈಗೆ ಹಾಕಿದಳು. "ಬೆಕ್ಕಿರಲಿಲ್ಲ. ನನ್ ಮೀನೂ ಇರಲಿಲ್ಲ."

ಚನ್ನಂಜ ಪಟ್ಟಿಯನ್ನು ತಿರುಗಿಸಿ ನೋಡಿದ. ಹೆಣಿಗೆಯ ಒಂದೆಳೆಯೂ ಹಾಳಾಗಿರಲಿಲ್ಲ. ಬತ್ತಿಯ ಎಳೆ ಮಾತ್ರ, ಅವನು ಹೇಳಿಟ್ಟ ಜಾಗದಲ್ಲೇ ಕಡಿದಿತ್ತು. ಅವನು ಬೂದಿಯ ಪಕ್ಕ ಕೂತು ಅದರ ಕೊರಳ ಸುತ್ತ ಬೆರಳಾಡಿಸಿದ. ಒಂದು ಗೀರೂ ಇರಲಿಲ್ಲ. ಅವನ ಕಣ್ಣು ತುಂಬಿಬಂತು.

ಅಂಗಳದಲ್ಲಿ ಶಿಷ್ಯರೆಲ್ಲ ಹಗ್ಗ ಹೊಸೆಯುತ್ತಿದ್ದರು. ಚನ್ನಂಜ ಕಿತ್ತ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ನಡುವೆಯೇ ನಡೆದ. ತಲೆ ತಗ್ಗಿಸಲಿಲ್ಲ. ಆ ಆಶ್ರಮದಲ್ಲಿ ಕಿತ್ತ ಹಗ್ಗ ಹಿಡಿದು ಯಾರೂ ಹಾಗೆ ನಡೆದಿರಲಿಲ್ಲ. ಸಂತೆಯಲ್ಲಿ ಅಂಬಿಗರು ಜಾಗ ಬಿಟ್ಟಾಗಲೂ ಅವನಿಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

"ಬುದ್ದಿ, ನನ್ನ ಹಗ್ಗ ಕಿತ್ತುಹೋಯ್ತು."

ಹೊಂಬಾಳಯ್ಯನವರು ಪಟ್ಟಿಯನ್ನು ತೆಗೆದುಕೊಂಡರು. ಕಡಿದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾರೋ ಅಭ್ಯಾಸಬಲದಿಂದ ಒಲೆಯ ದಾರಿ ಬಿಟ್ಟು ಸರಿದು ನಿಂತರು. ಗುರುಗಳು ಪಕ್ಕದಲ್ಲಿದ್ದ ಕೆಂಪು ಎಳೆಯನ್ನು ತೆಗೆದು, ಕಿತ್ತ ತುದಿಗೆ ನಿಧಾನವಾಗಿ ಸುತ್ತಿ, ಗಂಟು ಹಾಕಿದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಅವರು ಮುಚ್ಚಿಡಲಿಲ್ಲ.

ಚನ್ನಂಜ ಪಟ್ಟಿಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಕೇಳಿದ:

"ಹಗ್ಗವನ್ನ ಹೀಗೂ ಹೊಸೆಯಬಹುದು ಅಂತ ನಿಮಗೆ ಹೇಗೆ ಗೊತ್ತಿತ್ತು ಬುದ್ದಿ?"

"ನಿನ್ನ ಕೊರಳಿನ ದಾರಾನ ಒಂದು ಸಲ ಎಳೆದು ನೋಡು," ಅಂದರು ಗುರುಗಳು.