ಸುಣ್ಣ ಬಳಿಯುವ ಗೋಡೆಯ ಹಸು

ಏಳು ವರ್ಷದ ಸಿಂಚನಾಗೆ ಬೇಸಿಗೆ ರಜೆ ಬಂತು. ಹೊಸ ಬಣ್ಣದ ಪೆಟ್ಟಿಗೆಯೂ ಬಂತು. ಅವಳು ಅದರ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಕಾರಣವಿತ್ತು. ದೀಪಾವಳಿ ರಜೆಯಲ್ಲಿ ಅವಳೊಂದು ಹಸು ಬರೆದಿದ್ದಳು. ಅಪ್ಪ ಲೋಕಣ್ಣ ಅದನ್ನು ನೆಂಟರ ಮುಂದೆ ಎತ್ತಿ ಹಿಡಿದು, "ಇದು ಹಸುವಂತೆ ಕಣ್ರೋ! ಕುಂಬಳಕಾಯಿಗೆ ನಾಲ್ಕು ಕಾಲು ಬಂದಂಗಿದೆ" ಎಂದಿದ್ದ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಗೆರೆ ನೆಟ್ಟಗೆ ಎಳೆಯಲು ಬಾರದ ಜನ! ನಕ್ಕರು, ಹೋಳಿಗೆ ತಿಂದರು, ಹೋದರು. ಮಗುವಿನ ಕೈ ಅಂದೇ ಕಟ್ಟಿಹೋಯಿತು.

ರಜೆಗೆಂದು ಬಂದಿದ್ದ ತುಂಗತ್ತೆ, ಲೋಕಣ್ಣನ ಅಕ್ಕ, ಕೇಳಿದಳು: "ಯಾಕೆ ಪುಟ್ಟಿ, ಬಣ್ಣ ಹಚ್ಚಲ್ವಾ?"

"ನಂಗೆ ಬರಲ್ಲ ಅತ್ತೆ. ಹಾಳೆ ಕೆಟ್ಟೋಗುತ್ತೆ."

ಅತ್ತೆ ಅವಳನ್ನು ಹಿತ್ತಲಿಗೆ ಕರೆದೊಯ್ದಳು. "ಈ ಗೋಡೆ ನೋಡು. ಶನಿವಾರ ನಿಮ್ಮಪ್ಪ ಇದಕ್ಕೆ ಸುಣ್ಣ ಬಳೀತಾನೆ. ಏನು ಬರೆದ್ರೂ ಮುಚ್ಚಿಹೋಗುತ್ತೆ. ಎಷ್ಟು ಕೆಡಿಸ್ತೀಯೋ ಕೆಡಿಸು!"

ಅತ್ತೆ ಬಟ್ಟಲುಗಳಲ್ಲಿ ಇದ್ದಿಲ ಪುಡಿ, ಕೆಮ್ಮಣ್ಣು, ಅರಿಸಿನ ಕಲಸಿದಳು. ಸೆರಗು ಸಿಕ್ಕಿಸಿ ತಾನೇ ಮೊದಲು ಕೂತು ಏನೋ ಕಪ್ಪಗೆ ಬರೆದಳು.

"ಅದೇನತ್ತೆ, ಇಲಿನಾ?"

"ಎಮ್ಮೆ ಕಣೇ!"

"ಎಮ್ಮೆ ಹಂಗಿರಲ್ಲ. ಕೊಡಿಲ್ಲಿ!" ಸಿಂಚನಾ ಕುಂಚ ಕಿತ್ತುಕೊಂಡಳು.

ಎಮ್ಮೆ ಮುಗಿಯಿತು. ಆಮೇಲೆ ಕೋಳಿ, ಬಸ್ಸು, ಬಸ್ಸಿನ ಮೇಲೆ ಕೂತ ಕೋಳಿ. ಸಂಜೆಗೆ ಬೀದಿಯ ಮಕ್ಕಳೆಲ್ಲ ಹಿತ್ತಲಲ್ಲಿದ್ದರು. ಗೋಡೆಯ ನಡುವೆ ಸಿಂಚನಾಳ ಅರಿಸಿನದ ಹಸು ನಿಂತಿತು. ಹೊಟ್ಟೆ ಕುಂಬಳಕಾಯಿಯಂತೆಯೇ ಇತ್ತು. "ಚೆನ್ನಾಗಿ ಮೇದಿದೆ," ಎಂದಳು.

ಶನಿವಾರ ಮಕ್ಕಳೆಲ್ಲ ಹಿತ್ತಲಲ್ಲಿದ್ದಾಗಲೇ ಲೋಕಣ್ಣ ಸುಣ್ಣದ ಬಕೆಟ್ ಹಿಡಿದು ಬಂದ. ಗೋಡೆ ನೋಡಿದ. ಹಳೇ ಬಾಯಿ ಸುಮ್ಮನಿದ್ದೀತೇ? "ಓಹೋ, ಮತ್ತೆ ಕುಂಬಳ..."

"ಬಾಯಿ ಮುಚ್ಚೋ ಲೋಕ!" ತುಂಗತ್ತೆ ಗದರಿದಳು. "ಚಿಕ್ಕವನಿದ್ದಾಗ ನೀನು ಬರೆದ ಆನೇನ ನಾವು ಬದನೆಕಾಯಿ ಅಂದ್ವಿ. ಅವತ್ತು ಬಿಟ್ಟ ಬಣ್ಣಾನ ಇವತ್ತಿಗೂ ಮುಟ್ಟಿಲ್ಲ ನೀನು. ಈಗ ಮಗಳ ಸರದಿಯಾ?"

ಲೋಕಣ್ಣನ ಮುಖ ಇಳಿಯಿತು. ಬಕೆಟ್ ಕೆಳಗಿಟ್ಟು ಮಗಳತ್ತ ತಿರುಗಿದ. "ಬಳೀಲಾ ಪುಟ್ಟಿ? ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

ಈಗ ಅಳುತ್ತಾಳೆ ಎಂದು ಎಲ್ಲರೂ ಅವಳನ್ನೇ ನೋಡಿದರು.

"ಬಳಿಯಪ್ಪಾ. ಇನ್ನೂ ಬೇಕಾದಷ್ಟು ಬರೆಯೋದಿದೆ. ನಂಗೆ ಜಾಗ ಬೇಕು."

ಲೋಕಣ್ಣ ಹಸುವಿನ ಮೇಲೆ ಒಂದು ಪಟ್ಟೆ ಸುಣ್ಣ ಎಳೆದ. ಹಳದಿ ಹಸು ಅವರ ಕಣ್ಣೆದುರೇ ಕೆಂಪಾಯಿತು!

"ಅಪ್ಪಾ! ಕೆಂಪು ಹಸು!" ಸಿಂಚನಾ ಕುಣಿದಳು. ಮಕ್ಕಳೆಲ್ಲ ಕೂಗಿದರು. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಲೋಕಣ್ಣನಿಗೆ ಗೊತ್ತಿದ್ದದ್ದೇ. ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಬಕೆಟ್ ಪಕ್ಕಕ್ಕೆ ಸರಿಸಿದ, ಅರಿಸಿನದಲ್ಲಿ ಬೆರಳು ಅದ್ದಿದ, ಗೋಡೆಯ ಮೂಲೆಯಲ್ಲಿ ದಪ್ಪಗೆ ಏನೋ ಬರೆದ.

"ಏನಪ್ಪಾ ಅದು?"

"ಆನೆ," ಎಂದ ಅಳುಕುತ್ತ.

ಸಿಂಚನಾ ತಲೆ ಓರೆ ಮಾಡಿ ನೋಡಿದಳು. ನಗಲಿಲ್ಲ. "ಪಾಪ, ಅದಕ್ಕೆ ಹಸಿವಾಗಿದೆ. ತಿನ್ನೋಕೆ ಏನಾದ್ರೂ ಬರಿಯಪ್ಪಾ."

ಆ ಶನಿವಾರ ಸುಣ್ಣ ಬಳಿಯುವ ಕೆಲಸ ಮುಗಿಯಲೇ ಇಲ್ಲ.

ನೀತಿ: ಮಗು ಬಣ್ಣ ಮುಟ್ಟುತ್ತಿಲ್ಲವೆಂದರೆ ಅದರ ಕೈಯಲ್ಲಿ ದೋಷ ಹುಡುಕಬೇಡಿ, ಅದನ್ನು ನೋಡಿ ನಕ್ಕ ಬಾಯಿಯನ್ನು ಹುಡುಕಿ. ಆ ಬಾಯಿ ನಿಮ್ಮದೇ ಆಗಿದ್ದರೆ ಮುಚ್ಚಿಕೊಳ್ಳಿ. ರಜೆಯಲ್ಲಿ ಮಕ್ಕಳಿಗೆ ಕೆಡಿಸಲು ಒಂದು ಗೋಡೆ ಕೊಡಿ, ಪಕ್ಕದಲ್ಲಿ ಕೂತು ನೀವೂ ಕೆಡಿಸಿ. ಕೆಡುವ ಭಯ ಹೋದ ಕೈಗೆ ಬಣ್ಣ ತಾನಾಗಿ ಹತ್ತುತ್ತದೆ.