ಬೀರಮ್ಮನ ಮೀನು ತೊಟ್ಟಿಯೂ ಮಾತು ಕೇಳುವ ಮಗನೂ

ಮೊದಲು ಒಂದು ಒಗಟು. ಉಪ್ಪಿನ ಊರಲ್ಲಿ ಸಪ್ಪೆ ಕೆರೆ. ಕೆರೆಯ ತಲೆ ಮೇಲೆ ತೋಟ. ತೋಟಕ್ಕೆ ಮಣ್ಣಿಲ್ಲ, ಗೊಬ್ಬರ ಹಾಕುವವನಿಗೆ ಕೈಯಿಲ್ಲ. ಕೆರೆ ಹತ್ತಿ ತೋಟಕ್ಕೆ ಹೋಗ್ತದೆ, ತೋಟದಿಂದ ಇಳಿದು ಕೆರೆಗೇ ಬರ್ತದೆ. ಏನು, ಹೇಳಿ ನೋಡುವ.

ನಿಮಗೆ ಬರೋದಿಲ್ಲ. ನಿಮ್ಮ ಅಜ್ಜಿಗೂ ಬರೋದಿಲ್ಲ. ನಮ್ಮ ಶಾಲೆಯ ಮಾಸ್ತರಿಗೇ ಬರಲಿಲ್ಲ, ಅವರಿಗೆ ಬರದ ತಪ್ಪಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಸೋತೆ ಅನ್ನಿ, ಹೇಳ್ತೇನೆ. ಅದು ಬೀರಮ್ಮನ ಹಿತ್ತಲಿನ ಮೀನು ತೊಟ್ಟಿ.

ಬೀರಮ್ಮನದು ಅಳಿವೆ ದಂಡೆಯ ಊರು. ಉಬ್ಬರ ಬಂತೆಂದರೆ ಗದ್ದೆಗೆ ಉಪ್ಪು ನೀರು, ಬಾವಿಗೆ ಉಪ್ಪು ನೀರು. ಹಿತ್ತಲಲ್ಲಿ ಬಸಳೆ ನೆಟ್ಟರೆ ವಾರದೊಳಗೆ ಎಲೆ ಸುಟ್ಟು ಮುದುರಿ ಬೀಳ್ತದೆ. ಬೀರಮ್ಮ ಮಣ್ಣಿನ ಸಹವಾಸವೇ ಬೇಡವೆಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದಳು. ಮಳೆ ನೀರು ತುಂಬಿ ಮೀನು ಬಿಟ್ಟಳು. ತೊಟ್ಟಿಯ ಮೇಲೆ ಅಟ್ಟಣೆ ಕಟ್ಟಿ, ಡ್ರಮ್ಮು ಸೀಳಿ ಇಟ್ಟು, ಜಲ್ಲಿ ಕಲ್ಲು ತುಂಬಿ, ಕಲ್ಲಿನೊಳಗೆ ಬಸಳೆ ನೆಟ್ಟಳು. ಪಂಪು ಮೀನಿನ ಹೊಲಸು ನೀರನ್ನು ಎತ್ತಿ ಜಲ್ಲಿಗೆ ಹಾಕ್ತದೆ. ಬಸಳೆ ಹೊಲಸನ್ನು ಉಂಡು ಚೊಕ್ಕ ನೀರನ್ನು ಕೆಳಗೆ ಬಿಡ್ತದೆ. ಬಸಳೆಗೂ ಊಟವಾಯಿತು, ಮೀನಿಗೂ ಉಸಿರಾಯಿತು. ಬಸಳೆ ಅಟ್ಟಣೆ ತುಂಬಿ, ಮನೆಯ ಮಾಡಿಗೆ ಕೈ ಚಾಚಿತು.

ಸೈರಿಸಬೇಕಲ್ಲ ಜನ? ಬೀರಮ್ಮನ ನಾದಿನಿ ದೇವಕಿ ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೆದುರು ಹೇಳಿದಳು: "ಮೀನಿನ ಉಚ್ಚೆ ಕುಡಿದ ಬಸಳೆ ಅದು, ಅತ್ತಿಗೆ. ದನವೂ ಮೂಸೋದಿಲ್ಲ."

ಹನ್ನೊಂದು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಬೀರಮ್ಮನ ಮೈ ಉರಿದುಹೋಯಿತು.

"ನಿನ್ನ ಗಂಡನ ಮನೆ ಬಸಳೆ ಪನ್ನೀರು ಕುಡಿದು ಬೆಳೀತದಾ ದೇವಕಿ? ಅದರ ಬುಡಕ್ಕೆ ಸುರಿಯೋದು ಎಮ್ಮೆ ಸಗಣಿ. ಎಮ್ಮೆಯದಾದರೆ ಗೊಬ್ಬರ, ಮೀನಿನದಾದರೆ ಉಚ್ಚೆಯಾ? ಭಾನುವಾರ ಎಲ್ಲ ನನ್ನ ಮನೆಗೆ ಊಟಕ್ಕೆ ಬನ್ನಿ. ನನ್ನದೇ ಬಸಳೆ, ನನ್ನದೇ ಮೀನು. ಉಂಡು ದೇವಕಿ ಮುಖ ಸಿಂಡರಿಸಿದರೆ ತೊಟ್ಟಿ ಒಡೆಸಿ ಹಾಕ್ತೇನೆ."

ಹೇಳಿದ್ದೇನೋ ಹೇಳಿದಳು. ಭಾನುವಾರಕ್ಕೆ ಇನ್ನೂ ಆರು ದಿನ. ಬೀರಮ್ಮ ದಿನಾ ಬೆಳಿಗ್ಗೆ ಉಪ್ಪಿನ ಆಗರದ ಕೆಲಸಕ್ಕೆ ಹೋಗುವವಳು. ಗಂಡ ಬೋಟಿನ ಮೇಲೆ ಹೋದವ, ತಿಂಗಳಿಗೊಮ್ಮೆ ಬರುವವ. ಮನೆಯಲ್ಲಿ ಉಳಿಯುವವ ಒಬ್ಬನೇ: ಮಗ ಬೊಮ್ಮಯ್ಯ. ಇಪ್ಪತ್ತು ತುಂಬಿದವ, ಎತ್ತಿನಂಥ ಆಳು.

ಊರವರು ಬೀರಮ್ಮನಿಗೆ ಹೇಳುತ್ತಿದ್ದರು: "ಪುಣ್ಯ ಮಾಡಿದ್ದೆ ಮಾರಾಯ್ತಿ. ಎಂಥ ಮಾತು ಕೇಳುವ ಮಗ."

"ಕೇಳ್ತಾನಲ್ಲ, ಅದೇ ರೋಗ" ಅನ್ನುತ್ತಿದ್ದಳು ಬೀರಮ್ಮ.

ಸೋಮವಾರ ಹೊರಡುವಾಗ ಅವಳು ಹೇಳಿದಳು: "ಮೀನಿಗೆ ಹಸಿವಾದರೆ ಮೇಲೆ ಬಂದು ಬಾಯಿ ಬಿಡ್ತವೆ. ಆಗ ಒಂದು ಹಿಡಿ ತಿಂಡಿ ಹಾಕು."

"ಅಡ್ಡಿಲ್ಲ ಅವ್ವಾ."

ಬೊಮ್ಮಯ್ಯ ತೊಟ್ಟಿಯ ಹತ್ತಿರ ನಿಂತ. ಮನುಷ್ಯನ ನೆರಳು ಕಂಡರೆ ಮೀನು ಬಾರದೆ ಇದ್ದೀತಾ? ಬಂದವು, ಬಾಯಿ ಬಿಟ್ಟವು. ಒಂದು ಹಿಡಿ ಹಾಕಿದ. ಮತ್ತೆ ಬಂದವು, ಮತ್ತೆ ಹಾಕಿದ. ಅವ ಸರಿಯಲಿಲ್ಲ, ಅವು ಹೋಗಲಿಲ್ಲ. ಸಂಜೆ ಬೀರಮ್ಮ ಬಂದಾಗ ಅರ್ಧ ಚೀಲ ತಿಂಡಿ ನೀರಲ್ಲಿ ಊದಿ ಕೂತಿತ್ತು. ತೊಟ್ಟಿ ಹುಳಿ ಗಂಜಿಯ ಹಾಗೆ ನಾರುತ್ತಿತ್ತು.

"ಏನೋ ಇದು?"

"ಬಾಯಿ ಬಿಟ್ಟವು, ಹಾಕಿದೆ. ನೀನೇ ಹೇಳಿದ್ದೆ ಅಲ್ಲ?"

"ನಿನ್ನ ತಲೆಯಲ್ಲಿ ಏನು ತುಂಬಿದ್ದಾನೆ ದೇವರು, ಜಲ್ಲಿಯಾ? ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ನಡುವೆ ಯಾರು ಬಂದು ಬಾಯಿ ಬಿಟ್ಟರೂ ಏನೂ ಕೊಡಬೇಡ. ತಿಳೀತಾ?"

"ಅಡ್ಡಿಲ್ಲ ಅವ್ವಾ."

ತೊಟ್ಟಿ ಕಟ್ಟಿಕೊಟ್ಟ ಹಮ್ಮಣ್ಣ ಮೇಸ್ತ್ರಿಗೆ ಬೀರಮ್ಮ ಹೇಳಿ ಕಳಿಸಿದಳು, ನೀರು ಕೆಟ್ಟಿದೆ, ಒಮ್ಮೆ ನೋಡಿ ಹೋಗು ಎಂದು. ಮಂಗಳವಾರ ನಡುಮಧ್ಯಾಹ್ನ, ತಲೆ ಸೀಳುವ ಬಿಸಿಲಲ್ಲಿ ಹಮ್ಮಣ್ಣ ನಡೆದು ಬಂದ. ಅಂಗಳದಲ್ಲಿ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ.

"ಬೊಮ್ಮಯ್ಯಾ, ಒಂದು ಲೋಟ ನೀರು ಕೊಡು ಮಾರಾಯ. ಗಂಟಲು ಒಣಗಿದೆ."

"ಆಗೋದಿಲ್ಲ ಹಮ್ಮಣ್ಣ. ನಡುವೆ ಬಾಯಿ ಬಿಟ್ಟವರಿಗೆ ಕೊಡಬಾರದು. ಸಂಜೆ ಬಾ, ಒಂದು ಹಿಡಿ ಹಾಕ್ತೇನೆ."

ಹಮ್ಮಣ್ಣ ಅವನ ಮುಖ ನೋಡಿದ. ತೊಟ್ಟಿಯ ಕಡೆ ತಿರುಗಿಯೂ ನೋಡದೆ, ಬಂದ ದಾರಿಯಲ್ಲೇ ಹೋದ. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳುತ್ತ ಹೋದ.

ಆಗರದಲ್ಲಿ ಉಪ್ಪು ಎಳೆಯುತ್ತಿದ್ದ ಬೀರಮ್ಮನ ಕಿವಿಗೆ ಅದು ಮೂರು ಬಾಯಿಂದ ಬಂದು ಬಿತ್ತು. ಮೂರನೆಯದು ದೇವಕಿಯ ಬಾಯಿ. ಮನೆಗೆ ಬಂದವಳು ಚೊಂಬು ನೆಲಕ್ಕೆ ಕುಕ್ಕಿದಳು.

"ನಮ್ಮ ಕಡೆ ಪರಿಚಯ ಇಲ್ಲದವ ಬಂದರೂ ಬೆಲ್ಲ ನೀರು ಕೊಡ್ತಾರೆ. ನೀನು ಕರೆಸಿದವನನ್ನೇ ಬಾಯಾರಿಸಿ ಕಳಿಸಿದೆಯಲ್ಲೋ. ಹಮ್ಮಣ್ಣ ಇನ್ನು ಈ ಹೊಸಿಲು ತುಳೀತಾನಾ? ಈಗ ಆ ಹೊಲಸು ನೀರು ಯಾರು ತೆಗೀಬೇಕು, ನಿನ್ನ ದೇವಕಿ ಅತ್ತೆಯಾ?"

"ನೀನೇ ಹೇಳಿದ್ದೆ ಅಲ್ಲ?"

"ನಾನು ಹೇಳಿದ್ದು ಮೀನಿಗೆ! ಇನ್ನು ಮೇಲೆ ಮನೆಗೆ ಹೊಸಬರು ಯಾರೇ ಬರಲಿ, ಒಳಗೆ ಕರಿ. ಕುರ್ಚಿಯಲ್ಲಿ ಕೂರಿಸು. ಫ್ಯಾನು ಹಾಕು. ಬೆಲ್ಲ ಕೊಡು. ಆಮೇಲೆ ಉಳಿದದ್ದು."

"ಅಡ್ಡಿಲ್ಲ ಅವ್ವಾ."

ಹೊಲಸು ನೀರನ್ನು ಬೀರಮ್ಮನೇ ಬಗ್ಗಿ ಬಗ್ಗಿ ತೋಡಿದಳು. ಹಮ್ಮಣ್ಣನ ಮನೆಗೆ ಹೋಗಿ ಕೈ ಮುಗಿದಳು. ಅವ ಒಳ್ಳೆಯವ, ಮೊದಲೇ ಮಾತಾಡಿದ್ದ ಮೀನು ಮರಿಗಳನ್ನು ಬುಧವಾರ ತಂದ. ಆದರೆ ಅಂಗಳದಾಚೆಯೇ ನಿಂತ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, "ಹೊಸಬರು ಬಂದಿದ್ದಾರೆ, ನೋಡಿಕೋ" ಎಂದು ಹೋದ.

ಬೊಮ್ಮಯ್ಯ ಓಡಿ ಬಂದ. ಚೀಲವನ್ನು ಎರಡೂ ಕೈಯಲ್ಲಿ ಒಳಗೆ ತಂದ. ಕುರ್ಚಿಯಲ್ಲಿ ಕೂರಿಸಿದ. ಫ್ಯಾನು ಹಾಕಿದ. ಚೀಲದ ಬಾಯಿ ಬಿಚ್ಚಿ, ಒಂದು ಅಚ್ಚು ಬೆಲ್ಲ ಇಳಿಬಿಟ್ಟ. ಐವತ್ತು ಜನ ಇದ್ದಾರೆ, ಒಂದು ಅಚ್ಚು ಸಾಲದು ಅನ್ನಿಸಿತು. ಇನ್ನೊಂದು ಇಳಿಬಿಟ್ಟ. ಎದುರಿಗೆ ಕೂತು, "ಮತ್ತೆ ಏನು ಸುದ್ದಿ?" ಅಂತ ಕೇಳಿದ.

ಸಂಜೆಗೆ ಸುದ್ದಿ ಹೇಳಲು ಉಳಿದದ್ದು ಹದಿನಾಲ್ಕು.

ಬೀರಮ್ಮ ಪಾನಕದಲ್ಲಿ ತೇಲುತ್ತಿದ್ದ ಮರಿಗಳನ್ನು ನೋಡಿ ಹೊಸಿಲ ಮೇಲೆ ಕೂತಳು. ಅಳು ಬರಲಿಲ್ಲ ಅವಳಿಗೆ, ಸಿಟ್ಟು ಬಂತು. ಬೈಯಲು ಹೊರಟರೆ ಅವನು ಮಾಡಿದ್ದರಲ್ಲಿ ಒಂದೂ ಅವಳು ಹೇಳದ್ದಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಿನ್ನನ್ನ ಹೆರುವ ಬದಲು ಆ ದಿನ ನಾನು ಗಂಜಿ ಕುಡಿದು ಮಲಗಿದ್ದರೆ ಆಗುತ್ತಿತ್ತು. ಕೇಳು. ಹೊಸದಾಗಿ ಚೀಲದಲ್ಲಿ ಏನು ಬಂದರೂ ಬಾಯಿ ಬಿಚ್ಚಬಾರದು. ಚೀಲ ಸಮೇತ ತೊಟ್ಟಿ ನೀರಲ್ಲಿ ಅರ್ಧ ತಾಸು ಇಡಬೇಕು. ಒಳಗಿನದಕ್ಕೆ ನಮ್ಮ ನೀರಿನ ತಂಪು ಹೊಂದಬೇಕು. ಹೊಂದಿದ ಮೇಲೆ ಬಿಡಬೇಕು."

"ಅಡ್ಡಿಲ್ಲ ಅವ್ವಾ."

ಗುರುವಾರ ಆಗರದಿಂದ ಗಾಡಿ ಬಂತು. ಕೆಲಸದವರ ಮನೆಗೆ ವರ್ಷಕ್ಕೊಂದು ಚೀಲ ಉಪ್ಪು ಕೊಡುವುದು ಅಲ್ಲಿಯ ರೂಢಿ. ಗಾಡಿಯವ ಚೀಲವನ್ನು ಜಗಲಿಯಲ್ಲಿ ಇಳಿಸಿ ಹೋದ. ಹೊಸತು, ಚೀಲದಲ್ಲಿ ಬಂದದ್ದು. ಬೊಮ್ಮಯ್ಯ ಅದರ ಬಾಯಿ ಬಿಚ್ಚಲಿಲ್ಲ. ಅಷ್ಟು ಬುದ್ಧಿ ಅವನಿಗೆ ಬಂದಿತ್ತು. ಹೆಗಲ ಮೇಲೆ ಹೊತ್ತು ತೊಟ್ಟಿಗೆ ಇಳಿಸಿದ.

ಬೀರಮ್ಮ ಬರುವ ಹೊತ್ತಿಗೆ ಅವ ತೊಟ್ಟಿಯ ಅಂಚಲ್ಲಿ ಕೂತು ಬೆರಳು ಮಡಚಿ ಹೊತ್ತು ಎಣಿಸುತ್ತಿದ್ದ. "ಇನ್ನು ಸ್ವಲ್ಪ ಹೊತ್ತು ಅವ್ವಾ. ಹೊಂದಿಕೊಳ್ತಾ ಇದೆ."

ಅವಳು ಸೀರೆ ಸಮೇತ ತೊಟ್ಟಿಗೆ ಹಾರಿದಳು. ಪುಣ್ಯಕ್ಕೆ ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಇತ್ತು, ಒಂದು ಮೂಲೆ ಮಾತ್ರ ಹರಿದಿತ್ತು. ನೀರನ್ನು ನಾಲಿಗೆಗೆ ಇಟ್ಟು ನೋಡಿದಳು. ಗಂಜಿಗೆ ಹಾಕುವಷ್ಟಿತ್ತು ಉಪ್ಪು. ಊರೆಲ್ಲ ಉಪ್ಪು ಅಂತ ಸಿಮೆಂಟಿನ ಗೋಡೆ ಕಟ್ಟಿ ತಡೆದವಳು ಅವಳು. ಈ ಮಗ ಅದನ್ನು ಹೆಗಲ ಮೇಲೆ ಹೊತ್ತು ಗೋಡೆಯೊಳಗೆ ಹಾಕಿದ್ದ.

"ನೀನೇ ಹೇಳಿ..."

"ಬಾಯಿ ಮುಚ್ಚು."

ಪಂಪು ನಿಲ್ಲಿಸಿ ಅರ್ಧ ತೊಟ್ಟಿ ನೀರು ಹೊರಗೆ ಚೆಲ್ಲಿದರು. ಮಳೆ ನೀರಿನ ಡ್ರಮ್ಮುಗಳನ್ನೆಲ್ಲ ಬರಿದು ಮಾಡಿ ತುಂಬಿದರು. ಪಂಪು ನಿಂತದ್ದಕ್ಕೆ ಮೀನು ಮೇಲೆ ಬಂದು ಏದುಸಿರು ಬಿಡತೊಡಗಿದವು. ಬೀರಮ್ಮ ಕೊಡದಲ್ಲಿ ನೀರು ಎತ್ತಿ ಎತ್ತಿ ಜಲ್ಲಿಗೆ ಸುರಿದಳು. ಸೂರ್ಯ ಮುಳುಗುವ ಹೊತ್ತಿಗೆ ಮೀನು ಬದುಕಿದವು. ಬಸಳೆಯ ಎಲೆಯಂಚು ಕೊಂಚ ಮುದುರಿತ್ತು, ಅಷ್ಟೇ.

"ನೋಡಿದೆಯಾ?" ಅಂದಳು ಅವಳು, ಸೊಂಟ ಹಿಡಿದುಕೊಂಡು. "ಈ ಬೇಸಗೆಯಲ್ಲಿ ಪಂಪು ನಿಂತರೆ ಮೀನಿಗೆ ಉಸಿರಿಲ್ಲ. ಕರೆಂಟು ಹೋದರೆ ಕೈ ಕಟ್ಟಿ ನಿಲ್ಲಬೇಡ. ಕೆಳಗಿನ ನೀರನ್ನ ಎತ್ತಿ ಮೇಲೆ ಹಾಕು, ಮೇಲಿನ ನೀರು ಕೆಳಗೆ ಬರಲಿ. ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಇದೊಂದನ್ನ ನೆನಪಿಡು, ಬೇರೆ ಏನೂ ಬೇಡ."

"ಅಡ್ಡಿಲ್ಲ ಅವ್ವಾ."

ಶುಕ್ರವಾರ, ಶನಿವಾರ ಅವಳು ಅವನನ್ನು ಆಗರಕ್ಕೇ ಕರೆದುಕೊಂಡು ಹೋದಳು. ಅಲ್ಲಿ ಏನಾಯಿತು ಅಂತ ಆಗರದವರು ಇನ್ನೂ ಬಾಯಿ ಬಿಟ್ಟಿಲ್ಲ. ಅವ ಮಾತ್ರ ಹೋಗುವಾಗ, ಬರುವಾಗ ಪಾಠ ಒಪ್ಪಿಸುತ್ತಿದ್ದ: ಕೆಳಗಿನ ನೀರು ಮೇಲೆ, ಮೇಲಿನ ನೀರು ಕೆಳಗೆ. ಕಾಲುದಾರಿಯಲ್ಲಿ ಎಡವಿದ ಕಡೆ ನೀರು ಅನ್ನುವ ಮಾತು ಬಿದ್ದುಹೋಯಿತು. ಉಳಿದದ್ದನ್ನು ಗಟ್ಟಿ ಹಿಡಿದುಕೊಂಡು ಮನೆಗೆ ಬಂದ: ಕೆಳಗಿನದು ಮೇಲೆ, ಮೇಲಿನದು ಕೆಳಗೆ.

ಭಾನುವಾರ ಬಂತು. ಬೀರಮ್ಮ ತೆಂಗಿನಕಾಯಿ ತುರಿದು, ಮೆಣಸು ಹುರಿದು, ಮಿಕ್ಸಿಗೆ ಹಾಕಿ ಗುಂಡಿ ಒತ್ತಿದಳು. ಕರೆಂಟು ಹೋಯಿತು. ಹನ್ನೊಂದು ಜನ ಮತ್ತು ದೇವಕಿ ಬರುವ ದಿನವೇ ಹೋಗಬೇಕಾ ಅದು? ಬೈಯುತ್ತ ಮಸಾಲೆ ಎತ್ತಿಕೊಂಡು ನೆರೆಮನೆಯ ಒರಳಿಗೆ ಓಡಿದಳು. ಓಡುತ್ತಲೇ ಕೂಗಿದಳು: "ಬೊಮ್ಮಯ್ಯಾ, ಪಂಪು ನಿಂತಿದೆ ನೋಡು. ನೆನಪಿದೆಯಲ್ಲ?"

"ಅಡ್ಡಿಲ್ಲ ಅವ್ವಾ. ನೆನಪಿದೆ."

ಅವಳು ರುಬ್ಬಿ ಮುಗಿಸಿ ತಿರುಗಿ ಬರುವಾಗ ಸಂಘದವರೂ ದಾರಿಯಲ್ಲಿ ಕೂಡಿದರು. ಎಲ್ಲರೂ ಒಟ್ಟಿಗೇ ಹಿತ್ತಲಿಗೆ ಬಂದರು. ದೇವಕಿ ಎಲ್ಲರಿಗಿಂತ ಮುಂದೆ.

ಜಲ್ಲಿಯ ಮೇಲೆ ಮೀನು ಸಾಲಾಗಿ ನಿಂತಿದ್ದವು. ಒಂದೊಂದರ ಬಾಲವನ್ನು ಕಲ್ಲಿನಲ್ಲಿ ಹುಗಿದು, ಗಾಳಿಗೆ ಬೀಳದ ಹಾಗೆ ಕೋಲು ಕೊಟ್ಟಿತ್ತು. ಕೆಳಗೆ ತೊಟ್ಟಿಯಲ್ಲಿ ಅಷ್ಟೂ ಬಸಳೆ ಬೇರು ಸಮೇತ ಮುಳುಗಿತ್ತು. ಬೊಮ್ಮಯ್ಯ ಬೆವರಿನಲ್ಲಿ ತೊಯ್ದು ಹೋಗಿದ್ದ.

"ಒಂದೂ ಬಿಟ್ಟಿಲ್ಲ ಅವ್ವಾ. ಎಲ್ಲ ಎತ್ತಿ ಹಾಕಿದೆ."

"ಇದು ಯಾವ ನಮೂನೆ ಬೇಸಾಯ ಅತ್ತಿಗೆ?" ಅಂದಳು ದೇವಕಿ. "ಮೀನಿಗೆ ಮೊಳಕೆ ಯಾವಾಗ ಬರ್ತದೆ?"

ಹನ್ನೊಂದು ಸೆರಗು ಹನ್ನೊಂದು ಬಾಯಿಗೆ ಹೋದವು.

ಬೀರಮ್ಮ ಮಗನನ್ನು ನೋಡಿದಳು. ಆರು ದಿನದ ಸಿಟ್ಟು ಗಂಟಲಿಗೆ ಬಂತು. ಅದನ್ನು ಮಗನ ಕಡೆ ಬಿಡಲಿಲ್ಲ, ಸೆರಗು ಸಿಕ್ಕಿಸಿ ಹೆಂಗಸರ ಕಡೆ ತಿರುಗಿದಳು.

"ನಗುವವರು ನಕ್ಕು ಮುಗಿಸಿ. ನಿಮ್ಮ ಮನೆಯಲ್ಲಿ ಮೀನು ತರಲು ಪೇಟೆಗೆ ಹೋಗಬೇಕು, ಬಸಳೆ ತೊಳೆಯಲು ಮೂರು ಜನ ಬಗ್ಗಬೇಕು. ನನ್ನ ಮಗ ಮೀನು ಹಿಡಿದು ಸಾಲಾಗಿ ಇಟ್ಟಿದ್ದಾನೆ, ಬಸಳೆ ಕಿತ್ತು ತೊಳೆಯಲು ಹಾಕಿದ್ದಾನೆ. ಊಟಕ್ಕೆ ಕರೆದವರ ಮನೆಯಲ್ಲಿ ಇದನ್ನಲ್ಲದೆ ಇನ್ನೇನು ಮಾಡ್ತಾರೆ? ದೇವಕಿ, ಈಳಿಗೆಮಣೆ ಅಲ್ಲಿದೆ. ಕೂರು."

ದೇವಕಿ ಕೂತಳು. ಆ ದನಿಗೆ ಕೂರದಿದ್ದರೆ ಕಾಲೇ ಮಡಚಿಕೊಳ್ಳುತ್ತಿತ್ತು. ಬಸಳೆ ಹೆಚ್ಚಿದರು, ಮೀನು ಸೀಳಿದರು, ಒಲೆ ಹಚ್ಚಿದರು. ಪಲ್ಯ ಒಂದು, ಹುಳಿ ಒಂದು, ಮೀನಿನ ಸಾರು ಒಂದು. ದೇವಕಿ ಮೊದಲ ತುತ್ತು ಬಾಯಿಗಿಟ್ಟಳು. ಎಲ್ಲರೂ ಅವಳ ಮುಖ ನೋಡಿದರು. ಮುಖ ಸಿಂಡರಿಸಲಿಲ್ಲ. ಮೂರು ಸಲ ಬಡಿಸಿಕೊಂಡಳು. ಬೆರಳು ನೆಕ್ಕಿ, "ನನಗೂ ಒಂದು ತೊಟ್ಟಿ ಕಟ್ಟಿಸಿಕೊಡು ಅತ್ತಿಗೆ" ಅಂದಳು. ಉಳಿದವರೂ ನಮಗೂ, ನಮಗೂ ಅಂದರು. ಒಂದೇ ಕರಾರು, ಬೊಮ್ಮಯ್ಯ ನಮ್ಮ ಹಿತ್ತಲಿಗೆ ಬರಬಾರದು. ಅದಕ್ಕೂ ಅವ ಅಡ್ಡಿಲ್ಲ ಅಂದ.

ಈಗ ಹೇಳಿಬಿಡ್ತೇನೆ. ದೇವಕಿ ಮೂರು ಸಲ ಬಡಿಸಿಕೊಂಡದ್ದು ನಾನು ಕಟ್ಟಿದ ಕತೆ. ಊಟವನ್ನೂ ಕಟ್ಟಿದೆ, ಕರಾರನ್ನೂ ಕಟ್ಟಿದೆ. ಅವರೆಲ್ಲ ಉಂಡು ಹೋದರೋ, ಹಿತ್ತಲಿಂದಲೇ ನಗುತ್ತ ಹೋದರೋ, ಬೀರಮ್ಮನನ್ನು ಕೇಳಲು ಹೋದೆ. ಅವಳ ಕೈಯಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇತ್ತು, ತಿರುಗಿ ಬಂದೆ. ಮೀನಿನ ಬಾಲ ಹುಗಿದು ಕೋಲು ಕೊಟ್ಟದ್ದು ಮಾತ್ರ ಖರೆ. ಅದನ್ನು ಕಟ್ಟುವಷ್ಟು ಬುದ್ಧಿ ನನಗೆಲ್ಲಿದೆ?