ಬಳೆಗಾರ್ತಿಯ ಸೊಂಟಕ್ಕೆ ಮೂರು ದಾರಿ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಕೈಯಲ್ಲಿ ಕೆಟ್ಟುಹೋದ ಕೆಲಸವನ್ನು ನಾನೇ ತಿದ್ದಬೇಕೋ, ಇನ್ನೊಬ್ಬರಿಗೆ ಒಪ್ಪಿಸಬೇಕೋ?"

ಗುರು ಒಂದು ಕತೆ ಹೇಳಿದರು.

ಒಬ್ಬ ಮೂಳೆ ವೈದ್ಯನಿದ್ದ. ಮನೆ ಮನೆ ಸುತ್ತಿ ಬಳೆ ತೊಡಿಸುವ ಮುದುಕಿಯೊಬ್ಬಳು ಜಾರಿಬಿದ್ದು ಸೊಂಟ ಮುರಿದುಕೊಂಡು ಅವನಲ್ಲಿಗೆ ಬಂದಳು. ಅವನು ರಾಡು ಕೂರಿಸಿ ಸ್ಕ್ರೂ ಬಿಗಿದ. ಮರುದಿನದ ಎಕ್ಸ್‌ರೇಯಲ್ಲಿ ಸ್ಕ್ರೂ ಇರಬೇಕಾದ ಜಾಗಕ್ಕಿಂತ ಅರ್ಧ ಬೆರಳು ಮೇಲಿತ್ತು. ನೋಡಿದ. ಇರಲಿ ಬಿಡು, ಹಿಡಿದುಕೊಳ್ಳುತ್ತದೆ ಅಂದುಕೊಂಡ.

ಹಿಡಿದುಕೊಳ್ಳಲಿಲ್ಲ. ಮೂರನೆಯ ತಿಂಗಳಿಗೆ ಸ್ಕ್ರೂ ತೊಡೆಮೂಳೆಯ ತಲೆಯನ್ನು ಸೀಳಿ, ಕೀಲಿನ ಬಟ್ಟಲನ್ನು ಕೆರೆಯತೊಡಗಿತ್ತು. ಮುದುಕಿ ಮಗಳ ಹೆಗಲು ಹಿಡಿದು ಬಂದಳು.

"ಅಜ್ಜಿ, ನಿಮ್ಮ ಮೂಳೆ ತೀರಾ ಸವೆದಿದೆ. ಅದಕ್ಕೇ ನಿಲ್ಲಲಿಲ್ಲ" ಎಂದ ವೈದ್ಯ.

"ಹೌದಪ್ಪ, ನೀನು ರಾಡು ಹಾಕಿದ ದಿನ ಹದಿನಾರರ ಹುಡುಗಿ ಮೂಳೆ ಇತ್ತು ನೋಡು."

ಮಗಳು ನಕ್ಕಳು. ವೈದ್ಯನ ಕಿವಿ ಬಿಸಿಯಾಯಿತು.

ಅವನು ಮೂರು ದಾರಿ ಹೇಳಿದ. ಹಳೆಯದನ್ನು ತೆಗೆದು ಉದ್ದದ ರಾಡು ಹಾಕುವುದು ಒಂದು. ಕೀಲನ್ನೇ ಬದಲಿಸುವುದು ಇನ್ನೊಂದು. ಅದೂ ಬೇಡವೆಂದರೆ ಲೋಹವನ್ನೆಲ್ಲ ತೆಗೆದು ಹಾಗೇ ಬಿಡುವುದು. ನೋವು ಇಳಿಯುತ್ತದೆ, ಕಾಲು ಗಿಡ್ಡವಾಗುತ್ತದೆ. "ಮೊದಲನೆಯದೇ ಒಳ್ಳೆಯದು. ನಾನೇ ಮಾಡ್ತೀನಿ" ಎಂದ. ಕೀಲು ಬದಲಿಸುವವನು ಪಕ್ಕದ ಊರಿನಲ್ಲಿದ್ದ, ಇವನ ಸಹಪಾಠಿ. ಮುದುಕಿ ಅಲ್ಲಿಗೆ ಹೋದರೆ ಆ ಮರುದಿನದ ಎಕ್ಸ್‌ರೇಯೂ ಹೋಗಬೇಕಿತ್ತು.

ಮುದುಕಿ ಕೇಳಿದಳು: "ಈ ರಾಡು ಬೇರೆ ಯಾರೋ ಹಾಕಿದ್ದು ಅಂತಿಟ್ಟುಕೋ. ಆಗ ಯಾವುದು ಮಾಡು ಅಂತಿದ್ದೆ?"

ವೈದ್ಯ ಎಕ್ಸ್‌ರೇಯನ್ನು ಮತ್ತೆ ಕೈಗೆತ್ತಿಕೊಂಡ. ಬೇರೆಯವರದಾಗಿದ್ದರೆ ಅರೆಗಳಿಗೆಯೂ ಯೋಚಿಸುತ್ತಿರಲಿಲ್ಲ. ಜೊತೆಗೆ, "ಯಾವ ಪುಣ್ಯಾತ್ಮ ಮಾಡಿದ್ದಮ್ಮಾ ಇದನ್ನ?" ಎಂದು ಕೇಳಿಯೂ ಇರುತ್ತಿದ್ದ. ಎಷ್ಟು ಜನರ ಎದುರು, ಎಷ್ಟು ಜೋರಾಗಿ ಹಾಗೆ ಕೇಳಿದ್ದನೋ, ಎಲ್ಲ ನೆನಪಾಯಿತು.

"ಕೀಲು ಬದಲಿಸೋದು" ಎಂದ, ನೆಲ ನೋಡುತ್ತ.

ಸಹಪಾಠಿಗೆ ಪತ್ರ ಬರೆದ. ಮುದುಕಿಗೆ ಓದಿ ಹೇಳಿದ: "ಸ್ಕ್ರೂ ಜಾಗಕ್ಕಿಂತ ಮೇಲೆ ಕೂತಿತ್ತು. ಮರುದಿನವೇ ನನಗೆ ಗೊತ್ತಾಗಿತ್ತು."

"ಮರುದಿನವೇ?" ಎಂದಳು ಮುದುಕಿ. ಪತ್ರ ತೆಗೆದುಕೊಂಡಳು. ಮಗಳ ಹೆಗಲು ಹಿಡಿದು ಎದ್ದು ಹೊರಟಳು.

ಅವಳಿಗೆ ಹೊಸ ಕೀಲು ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಬಳೆ ಹೊತ್ತು ವೈದ್ಯನ ಬೀದಿಗೂ ಬಂದಳು. ಅವನ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ. ಬಾಗಿಲಲ್ಲಿದ್ದ ಅವನು ತಲೆ ತಗ್ಗಿಸಿ ಒಳಗೆ ಸರಿದ.

ಶಿಷ್ಯ ತಡೆಯಲಾರದೆ ಕೇಳಿದ: "ಅಷ್ಟೆಲ್ಲ ಒಪ್ಪಿಕೊಂಡ ಮೇಲೂ ಅವನ ನಾಚಿಕೆ ಹೋಗಲಿಲ್ಲವೇ?"

ಗುರು ಎಂದರು: "ನಾಚಿಕೆ ಹೋಗುವುದೇ ಮುಖ್ಯವಾಗಿದ್ದರೆ ಅವನು ಅವಳಿಗೆ ಇನ್ನೊಂದು ರಾಡು ಹಾಕುತ್ತಿದ್ದ."